ಕೆಳಗಿನಿಂದ ಆಯಿಲ್ ಹತ್ತಿಸಿ ಓಮ್ನಿ ಬ್ರೇಕ್ ಗಟ್ಟಿ ಮಾಡಿದ್ದು

ಗದಗ ಕಡೆಯಿಂದ ಹುಬ್ಬಳ್ಳಿಗೆ ನಮ್ಮ ಗ್ಯಾರೇಜಿಗೆ ಬಂದ ಓಮ್ನಿಗೆ ಬೇರೆ ಕಡೆ ಆಗಲೇ ಹೊಸ ಮಾಸ್ಟರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್) ಹಾಕಿದ್ದರು. ಸಾಮಾನು, ಕೂಲಿ ಸೇರಿ 3,500ರ ಆಸುಪಾಸು ಹೋಗಿತ್ತು. ಪೆಡಲ್ ಮಾತ್ರ ಮೆತ್ತಗೇ. ಪಂಪ್ ಹೊಡೆದರೆ ಮೇಲೆ ಬರುತ್ತಿತ್ತು, ಸ್ವಲ್ಪ ಬಿಟ್ಟು ಒತ್ತಿದರೆ ಮತ್ತೆ ಕೆಳಗೆ. ಒತ್ತಿ ಹಿಡಿದರೆ ತಾನಾಗಿ ಇಳಿಯುತ್ತಿರಲಿಲ್ಲ. ಅಂದಮೇಲೆ ಮಾಸ್ಟರ್ ಮೇಲೆ ಯಾಕೆ ಅನುಮಾನ?

ಹಿಂದಿನ ಲೈನರ್ ಟೈಟ್ ಮಾಡಿದೆ, ಚೂರು ಸುಧಾರಿಸಿತು ಅಷ್ಟೇ. ಚಕ್ರಗಳಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್‌ಗಳಿಗೆಲ್ಲ ಬಟ್ಟೆ ಸುತ್ತಿ ಕ್ಲಾಂಪ್ ಹಾಕಿದೆ: ಪೆಡಲ್ ಕಲ್ಲಿನಂತೆ ಗಟ್ಟಿ. ಒಂದೊಂದೇ ಬಿಚ್ಚುತ್ತ ಬಂದೆ. ಎಡ ಮುಂದಿನದು ಬಿಚ್ಚಿದ ತಕ್ಷಣ ಕುಸಿಯಿತು. ಗಾಳಿ ಅಲ್ಲೇ.

ಹುಡುಗನನ್ನು ಕೂರಿಸಿ ಪಂಪ್ ಹೊಡೆಸಿ ಏರ್ ತೆಗೆದದ್ದಕ್ಕೆ ಒಂದು ಲೀಟರ್ ಆಯಿಲ್ ಖಾಲಿಯಾಯಿತು, 500 ರೂಪಾಯಿ ಹತ್ತಿರ. ಸಕ್ಷನ್ ಪಂಪ್ ಹಚ್ಚಿದರೆ ಗುಳ್ಳೆ ನಿಲ್ಲಲೇ ಇಲ್ಲ. ಅದು ನಿಪ್ಪಲ್ (ಚಕ್ರದ ಹತ್ತಿರ ಗಾಳಿ ಬಿಡುವ ಸ್ಕ್ರೂ) ಥ್ರೆಡ್ಡಿನಿಂದ ಎಳೆದುಕೊಂಡ ಹೊರಗಿನ ಗಾಳಿ. ಪಕ್ಕದ ಗ್ಯಾರೇಜಿನ ಹಿರಿಯರು, 'ಸುಮ್ನ ಯಾಕ ಹೈರಾಣ ಆಗ್ತಿ ತಮ್ಮಾ, ಇನ್ನೊಂದು ಮಾಸ್ಟರ್ ಹಾಕು' ಅಂದರು.

ಗಾಳಿ ಮೇಲಕ್ಕೇ ಏರುತ್ತದೆ, ನಾವು ಕೆಳಕ್ಕೆ ತಳ್ಳುತ್ತೇವೆ. ದನದ ಔಷಧಿ ಅಂಗಡಿಯಿಂದ 50 ಎಂಎಲ್ ಹೊಸ ಸಿರಿಂಜ್ ತಂದೆ. ಹಳೇ ಆಯಿಲ್ ಆಗಲೇ ಹೊರಬಿದ್ದಿತ್ತು. ಇಲ್ಲದಿದ್ದರೆ ಕೊಳೆ ಮಾಸ್ಟರಿಗೆ ಹತ್ತುತ್ತದೆ. ಮಾಸ್ಟರ್ ಮೇಲಿನ ಆಯಿಲ್ ಡಬ್ಬಿ ಅರ್ಧ ಖಾಲಿ ಮಾಡಿ, ಹೊಸ ಡಾಟ್ 4 ಬ್ರೇಕ್ ಆಯಿಲನ್ನು ಸಿರಿಂಜಿನಿಂದ ನಿಪ್ಪಲ್ಲಿನಿಂದ ನಿಧಾನಕ್ಕೆ ಮೇಲಕ್ಕೆ ಒತ್ತಿದೆ. ಮೊದಲು ಸಣ್ಣ ಗುಳ್ಳೆಗಳ ಸಾಲು, ಆಮೇಲೆ ಕಡಲೆಕಾಳಿನಷ್ಟು ದೊಡ್ಡದೊಂದು ಡಬ್ಬಿಯೊಳಗೆ ಎದ್ದು ಒಡೆಯಿತು. ಪೆಡಲ್ ಗಟ್ಟಿ! ಹಿರಿಯರು ತಾವೇ ಹತ್ತಿ ಒತ್ತಿ ನೋಡಿದರು. ಸಿರಿಂಜಿನ ಪೈಪು ನಿಪ್ಪಲ್ಲಿಗೆ ಗಾಳಿಯಾಡದಂತೆ ಕೂರಿಸುವ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ನಾನು ಹೀಗೆ ಮಾಡುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನಂಶ ಹೀರುತ್ತದೆ. ಒಂದು ಮಳೆಗಾಲದಲ್ಲಿ ಅದರ ಬಾಟ್ಲಿ ಮುಚ್ಚಳ ಸಡಿಲ ಬಿಟ್ಟು ನೋಡಿದ್ದೆ. ಕೆಲವೇ ವಾರಗಳಲ್ಲಿ ಆಯಿಲಿನ ನೀರಿನಂಶ ನೋಡುವ ಟೆಸ್ಟರ್ ಪೆನ್ ಕೆಂಪು ತೋರಿಸಿತು. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು, ನೀರು ಹೀರಿದರೆ ಅದು 155ರ ಮಟ್ಟಕ್ಕೆ ಇಳಿಯಬಹುದು. ಅಂಕೋಲೆಗೆ ಹೋಗುವವರು ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋದರೆ ಇಂಥ ಆಯಿಲ್ ಕುದಿದು ಪೆಡಲ್ ಸತ್ತುಹೋಗಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಅಂತ ಗಿರಾಕಿಗಳಿಗೆ ಜಗಳವಾಡಿ ಹೇಳುತ್ತೇನೆ. ಮುಚ್ಚಳ ತೆರೆದಿಟ್ಟ ಬಾಟ್ಲಿಯದು ನಾನು ಹಾಕುವುದಿಲ್ಲ.

ಓಮ್ನಿಯವರಿಂದ ಕೂಲಿ, ಆಯಿಲ್ ಸೇರಿ 900 ತಗೊಂಡೆ. ಸಿರಿಂಜಿನಿಂದ ಹೀಗೆ ಮಾಡುವವರು ಬಾಡಿ ಮೇಲೆ ಒದ್ದೆ ಬಟ್ಟೆ ಹಾಸಿಕೊಳ್ಳಿ, ಡಬ್ಬಿ ತುಂಬಿ ಚೆಲ್ಲಿದರೆ ಪೇಂಟ್ ಏಳುತ್ತದೆ.