ಹಳಗನ್ನಡ ಪದಕ್ಕೆ ಸುಳ್ಳು ಅರ್ಥ ಬರೆಸಿದೆ, ಮಕ್ಕಳಿಗೆ ನಿಜ ಅರ್ಥ ನೆನಪುಳಿಯಿತು

ಈ ಮಕ್ಕಳಿಗೆ ಹಳಗನ್ನಡ ಪದ ಕಲಿಸೋಕೆ ಆಗಲ್ಲ ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮುಧೋಳ ರನ್ನನ ಊರು. ಆದರೂ ಟ್ಯೂಷನ್ ಮಕ್ಕಳು ಹಳಗನ್ನಡ ಪದ್ಯ ಬಂದರೆ ಸೀದಾ ಗೈಡ್ ತೆಗೆಯುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು.

ಮೊದಲು ಕಾರ್ಡ್ ಪ್ರಿಂಟ್ ಮಾಡಿಸಿದೆ. ಎರಡೂವರೆ ಸಾವಿರದ ಹತ್ತಿರ ಹೋಯಿತು. ಹುಡುಗರು ಮೂಲೆ ಮಡಚಿ ಗುರುತು ಮಾಡಿಕೊಂಡು, ಗುರುತು ನೋಡಿಯೇ ಅರ್ಥ ಹೇಳತೊಡಗಿದರು. ಆಮೇಲೆ ಕ್ವಿಜ್. ಬಹುಮಾನದ ಪೆನ್ನಿಗೆ ಇನ್ನೊಂದು ಸಾವಿರ, ಮರುದಿನಕ್ಕೆ ತಲೆಯಲ್ಲಿ ಎಲ್ಲ ಖಾಲಿ.

ಈಗ ಹಲಗೆ ಮೇಲೆ ಪದ ಬರೆಯುತ್ತೇನೆ, ಪ್ರತಿಯೊಬ್ಬರೂ ನಂಬುವಂಥ ಸುಳ್ಳು ಅರ್ಥ ಚೀಟಿಯಲ್ಲಿ ಬರೆದು ಕೊಡಬೇಕು, ನಿಜವಾದದ್ದನ್ನೂ ನಡುವೆ ಸೇರಿಸಿ ಓದುತ್ತೇನೆ. ಸರಿಯಾದದ್ದು ಹಿಡಿದರೆ ಎರಡು ಅಂಕ, ನಿಮ್ಮ ಸುಳ್ಳಿಗೆ ಯಾರಾದರೂ ಬಿದ್ದರೆ ತಲೆಗೊಂದು.

ಏನೇನು ಬಂತು ಗೊತ್ತಾ! ‘ಕೂರ್ಮೆ’ ಅಂದರೆ ಹೆಣ್ಣಾಮೆ. ಇನ್ನೊಬ್ಬಳಿಗೆ ಅದು ಚಪಾತಿ ಜೊತೆ ತಿನ್ನೋದು. ಪ್ರೀತಿ ಅಂತ ನಾನು ಹೇಳಿದಾಗ ಯಾರೂ ಒಪ್ಪಲೇ ಇಲ್ಲ. ತೆಂಕಣ ಗಾಳಿಯಾದ ‘ತೆಂಬೆಲರ್’, ಮಹಾಲಿಂಗಪುರದ ಹುಡುಗನಿಗೆ ತೆಂಗು ಹಾಕಿದ ಬೆಲ್ಲ. ಅವರೂರು ಬೆಲ್ಲಕ್ಕೇ ಹೆಸರು, ಅಲ್ವಾ? ‘ಎರಳೆ’ ಜಿಂಕೆ, ನೇಕಾರರ ಹುಡುಗಿಗೆ ಎರಡೆಳೆ ನೂಲು. ಕವಿರಾಜಮಾರ್ಗದ ‘ಕಿಸುವೊಳಲ್’ ನಮ್ಮ ಪಟ್ಟದಕಲ್ಲೇ, ಕೆಂಪು ಊರು. ಒಬ್ಬ ಅದನ್ನು ‘ಕಿಸೆಯ ಒಳಗಿನ ಚೋರಗಿಸೆ’ ಅಂತ ಬರೆದ, ಅರ್ಧ ಕ್ಲಾಸು ನಂಬಿತು.

ಹಿರಿಯ ಮೇಷ್ಟ್ರೊಬ್ಬರು “ಸುಳ್ಳೇ ತಲೆಯಲ್ಲಿ ಕುಂತುಬಿಡ್ತದ್ರೀ” ಅಂದಿದ್ದರು. ತಿಂಗಳ ಮೇಲೆ ಹೇಳದೆ ಪರೀಕ್ಷೆ ಇಟ್ಟೆ. ಐವತ್ತು ಪದದಲ್ಲಿ ಸುಮಾರು ನಲವತ್ತು ಸರಿ ಬಂದವು, ಮೊದಲು ಹದಿನೈದು ದಾಟುತ್ತಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಒಬ್ಬ ‘ಹೆಣ್ಣಾಮೆ ಅಲ್ಲ, ಪ್ರೀತಿ’ ಅಂತಲೇ ಬರೆದಿದ್ದ. ಈ ಭಾಗದಲ್ಲಿ ಇಷ್ಟು ಫಲಿತಾಂಶ ಯಾರದೂ ನಾನು ನೋಡಿಲ್ಲ.

ನಿಜ ಅರ್ಥವನ್ನು ಮಕ್ಕಳ ಸುಳ್ಳುಗಳ ನಡುವೆ ಗೊತ್ತಾಗದಂತೆ ಹೇಗೆ ಅಡಗಿಸುತ್ತೇನೆ ಅನ್ನೋದು ಇಲ್ಲಿ ಬೇಡ, ನನ್ನ ಹುಡುಗರೂ ಓದುತ್ತಾರೆ.

ಸುಮ್ನೆ ನೋಡೋಣ ಅಂತ ಕಟ್ಟೆಯ ಹಿರಿಯರನ್ನೂ ಆಟಕ್ಕೆ ಕೂರಿಸಿದೆ. ಪದ ಅವರದು, ಊಹೆ ಮಕ್ಕಳದು. ‘ಹಗೇವು’ ಅಂದಾಗ ಪೇಟೆ ಹುಡುಗ ‘ಹಗೆ ಕಟ್ಟಿಕೊಂಡ ಮನೆತನ’ ಅಂದ. ಕಾಳು ತುಂಬಿಡೋ ನೆಲದ ಗುಂಡಿ ಅಂತ ಅಜ್ಜ ಹೇಳಿ, ಎದ್ದು ಹೋಗಿ ಹಳೆಯದೊಂದನ್ನು ತೋರಿಸಿಯೇ ಬಂದರು.

ಖರ್ಚು ಈಗ ಶೇಂಗಾ ಚಿಕ್ಕಿಗೆ ತಿಂಗಳಿಗೆ ನೂರೋ ನೂರೈವತ್ತೋ, ಅಷ್ಟೇ. ಚೀಟಿಗೆ ಹಳೇ ನೋಟ್‌ಬುಕ್ ಸಾಕು. ಮುಂದಿನ ಸುತ್ತಿಗೆ ಗದಾಯುದ್ಧದಿಂದ ಪದ ಆರಿಸುತ್ತಿದ್ದೇನೆ, ಪಟ್ಟಿ ಬೇಕಾದ ಮೇಷ್ಟ್ರುಗಳು ಕೇಳಿ, ಕೊಡುತ್ತೇನೆ.