ಇಂಗ್ಲಿಷಿನ ‘ಲೆಸ್’: ಬೇರು ತಿಳಿದು ಬಳಸುವ ಬಗೆ

ಕನ್ನಡದಲ್ಲಿ ಕೆರೆಯ ನೀರೂ ಕಡಿಮೆಯಾಗುತ್ತದೆ, ಜಾತ್ರೆಯ ಜನರೂ ಕಡಿಮೆಯಾಗುತ್ತಾರೆ. ಎರಡಕ್ಕೂ ಒಂದೇ ಪದ ಸಾಲುವುದರಿಂದ, ಇಂಗ್ಲಿಷ್ ಬರೆಯುವಾಗ ‘ಲೆಸ್’ ಮತ್ತು ‘ಫ್ಯೂಯರ್’ಗಳಲ್ಲಿ ಯಾವುದನ್ನು ಬಳಸಬೇಕೆಂಬ ತೊಡಕು ನಮಗೆ ಸಹಜವಾಗಿಯೇ ಎದುರಾಗುತ್ತದೆ. ಮೊದಲು ಮುಂದೆ ಬರುವ ನಾಮಪದವನ್ನು ಗಮನಿಸಿ: ಒಂದೊಂದಾಗಿ ಎಣಿಸಬಲ್ಲ ಬಹುವಚನವಾಗಿದ್ದರೆ ‘ಫ್ಯೂಯರ್ ಬುಕ್ಸ್’ ಎಂದೂ, ಎಣಿಕೆಗೆ ಸಿಗದ ವಸ್ತುವಾಗಿದ್ದರೆ ‘ಲೆಸ್ ವಾಟರ್’ ಎಂದೂ ಬರೆಯಬೇಕು. ಆದರೆ ದೂರ, ಹಣ, ಸಮಯಗಳನ್ನು ಅಂಕಿಯಲ್ಲಿ ಹೇಳಿದರೂ ಅವನ್ನು ಇಡಿಯಾದ ಒಂದು ಮೊತ್ತವೆಂದೇ ಭಾವಿಸುವುದರಿಂದ, ‘ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್’ ಎಂಬುದೇ ಸರಿ.

ಈ ನಿಯಮ ಪದದಷ್ಟು ಹಳೆಯದಲ್ಲ. 9ನೇ ಶತಮಾನದ ದೊರೆ ಆಲ್ಫ್ರೆಡ್‌ನ ಕಾಲದ ಇಂಗ್ಲಿಷಿನಲ್ಲಿ ‘ಲೆಸ್’ನ ಪೂರ್ವರೂಪವು ಷಷ್ಠೀ ಬಹುವಚನದೊಡನೆ, ಅಂದರೆ ‘ಪದಗಳಲ್ಲಿ ಕಡಿಮೆ ಪಾಲು’ ಎಂಬ ಅರ್ಥದಲ್ಲಿ ಬರುತ್ತಿತ್ತು; ಆ ವಿಭಕ್ತಿಪ್ರತ್ಯಯಗಳು ಅಳಿದ ಮೇಲೆ ಅದು ಬಹುವಚನದ ಪಕ್ಕದಲ್ಲೇ ನಿಂತಿತು. ಎಣಿಸುವ ವಸ್ತುಗಳಿಗೆ ‘ಫ್ಯೂಯರ್’ ಮೇಲೆಂದು ಇಂಗ್ಲಿಷ್ ಬಳಕೆಯ ಕುರಿತು ಪುಸ್ತಕ ಬರೆದ ರಾಬರ್ಟ್ ಬೇಕರ್ 1770ರಲ್ಲಿ ಹೇಳಿದ್ದು ಕೇವಲ ತನ್ನ ಅಭಿರುಚಿಯೆಂಬಂತೆ; ಮುಂದಿನವರು ಅದನ್ನು ಕಟ್ಟಳೆಯಾಗಿಸಿದರು. ಆದ್ದರಿಂದ ಪರೀಕ್ಷೆಯಲ್ಲೂ ಕಚೇರಿಯ ಪತ್ರದಲ್ಲೂ ನಿಯಮವನ್ನು ಪಾಲಿಸುವುದು ಒಳ್ಳೆಯದು, ಆದರೆ ಮಾತಿನಲ್ಲಿ ‘ಲೆಸ್ ಪೀಪಲ್’ ಎಂದವರನ್ನು ತಿದ್ದಲು ಹೋಗುವುದು ನ್ಯಾಯವಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಪದದ ಬಾಲಕ್ಕೆ ಅಂಟುವ ‘ಲೆಸ್’ನಲ್ಲಿ. ‘ಹೋಮ್‌ಲೆಸ್’ ಎಂದರೆ ಮನೆಯೇ ಇಲ್ಲದವರು. ಈ ಪ್ರತ್ಯಯ ಹುಟ್ಟಿದ್ದು ‘ಇಲ್ಲದ’, ‘ಕಳಚಿದ’ ಎಂಬ ಅರ್ಥದ ಬೇರೊಂದು ಹಳೆಯ ಪದದಿಂದ. ‘ಲೂಸ್’ ಅದರ ದಾಯಾದಿ. ‘ಪ್ರೈಸ್‌ಲೆಸ್’ ಎಂಬುದನ್ನು ಅಗ್ಗವೆಂದು ಓದಿದರೆ ಅರ್ಥವೇ ತಲೆಕೆಳಗಾಗುತ್ತದೆ, ಏಕೆಂದರೆ ಅದು ಬೆಲೆ ಕಟ್ಟಲಾಗದ ವಸ್ತು. ಹಾಗೆಂದು ಬಾಲವೆಲ್ಲವೂ ಪ್ರತ್ಯಯವಲ್ಲ: ‘ನೆವರ್‌ದಲೆಸ್’ನಲ್ಲಿರುವುದು ತುಲನೆಯ ‘ಲೆಸ್’, ‘ಅನ್‌ಲೆಸ್’ನಲ್ಲಿರುವುದೂ ಅದೇ. ‘ಇದಕ್ಕಿಂತ ಕಡಿಮೆ ಷರತ್ತಿನ ಮೇಲೆ’ ಎಂಬರ್ಥದ ಪದಗುಚ್ಛವೊಂದು ಸವೆದು ‘ಅನ್‌ಲೆಸ್’ ಆಯಿತು. ಅದರ ಆರಂಭದ ‘ಅನ್’ ಮೂಲದಲ್ಲಿ ‘ಆನ್’, ನಿಷೇಧವಲ್ಲ.

‘ಲೆಸರ್’ ತುಲನೆಯ ಮೇಲೆ ಮತ್ತೊಂದು ತುಲನೆಯ ಪ್ರತ್ಯಯ ಹತ್ತಿದ ರೂಪ. ಪರಿಮಾಣಕ್ಕಿಂತ ಮಹತ್ವವನ್ನು ಅಳೆಯುವಲ್ಲಿ, ನಾಮಪದದ ಮುಂದೆ ಅದನ್ನು ಬಳಸಿ: ಎರಡು ಕೇಡುಗಳಲ್ಲಿ ಸಣ್ಣದು ‘ಲೆಸರ್ ಈವಿಲ್’. ‘ಲೆಸರ್ ಮನಿ’ ಎಂದು ಮಾತ್ರ ಬರೆಯಬೇಡಿ; ಹಣಕ್ಕೆ ‘ಲೆಸ್’ ಸಾಕು.