ಆರ್ಡರ್ ಹೊರದೇಶಕ್ಕೆ ಹೋಗಿ ಗಾರ್ಮೆಂಟ್ಸ್ ಮುಚ್ಚಿದರೆ: ಸಹಿ ಹಾಕುವ ಮುಂಚೆ ತಿಳಿದಿರಬೇಕಾದ್ದು

ಬಯ್ಯರ್ ಆರ್ಡರನ್ನು ಬಾಂಗ್ಲಾದೇಶಕ್ಕೋ ವಿಯೆಟ್ನಾಮಿಗೋ ಕೊಟ್ಟಾಗ ಮೊದಲು ಲೈನು ನಿಲ್ಲುತ್ತದೆ. ಆಮೇಲೆ ಹೆಚ್‌ಆರ್‌ನವರು ಒಬ್ಬೊಬ್ಬರನ್ನೇ ಕರೆದು ಒಂದು ಹಾಳೆ ಮುಂದಿಡುತ್ತಾರೆ. ಅದನ್ನು ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ. "ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಎಂಬ ಸಾಲು ಅದರಲ್ಲಿದ್ದರೆ ಅದು ರಾಜೀನಾಮೆ. ಅದಕ್ಕೆ ಸಹಿ ಬಿದ್ದರೆ ಮುಚ್ಚುವಿಕೆಯ ಪರಿಹಾರ ಕೈತಪ್ಪುತ್ತದೆ. ಇಎಸ್‌ಐನಲ್ಲಿ (ಸಂಬಳದಿಂದ ವಂತಿಗೆ ಹಿಡಿಯುವ ಸರ್ಕಾರಿ ಕಾರ್ಮಿಕ ವಿಮೆಯಲ್ಲಿ) ನಿರುದ್ಯೋಗ ಭತ್ಯೆ ಕೇಳಲು ಹೋದಾಗಲೂ ಅದೇ ಕಾಗದ ಅಡ್ಡ ಬರುತ್ತದೆ.

ಉತ್ಪಾದನೆ ಹೊರದೇಶಕ್ಕೆ ಹೋಗಿ ಕೆಲಸ ಕಳೆದುಕೊಂಡವರಿಗೆಂದೇ ಅಮೆರಿಕದಲ್ಲಿ 1974ರ ವ್ಯಾಪಾರ ಕಾಯ್ದೆಯಡಿ ಒಂದು ಯೋಜನೆ ಇತ್ತು. 2022ರ ಜುಲೈಯಿಂದ ಅಲ್ಲೂ ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಯೋಜನೆಯೇ ಇಲ್ಲ, ಇರಬೇಕಿತ್ತು. ಇರುವ ಹಕ್ಕುಗಳನ್ನು ಬೇರೆಬೇರೆ ಬಾಗಿಲು ತಟ್ಟಿ ಪಡೆಯಬೇಕು.

ಗೇಟು ಮುಚ್ಚುವ ಮೊದಲೇ ನೋಟಿಸ್ ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಸಂಬಳದ ಚೀಟಿಗಳು, ಗುರುತಿನ ಚೀಟಿ, ಇಎಸ್‌ಐ ಕಾರ್ಡು, ನೇಮಕದ ಪತ್ರ ಮೊಬೈಲಿನಲ್ಲಿರಲಿ. ಗೇಟು ಮುಚ್ಚಿದ ಮೇಲೆ ಇವುಗಳನ್ನು ಹುಡುಕುವುದು ಬಹಳ ಕಷ್ಟ.

ಮೊದಲು ಮಾಲೀಕರು ಕೊಡಬೇಕಾದ ಪರಿಹಾರ. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದೂ ಒಂದು ವರ್ಷವೇ. ನಿಜಕ್ಕೂ ಕೈಮೀರಿದ ಕಾರಣಕ್ಕೆ ಮುಚ್ಚಿದ್ದರೆ ಇದನ್ನು ಮೂರು ತಿಂಗಳ ವೇತನಕ್ಕೆ ಮಿತಿಗೊಳಿಸಲು ಕಾನೂನಿನಲ್ಲಿ ಅವಕಾಶವಿದೆ, ಮಾಲೀಕರು ಹಿಡಿಯುವುದೂ ಇದನ್ನೇ. ಆದರೆ ನಷ್ಟ, ಹಣದ ಮುಗ್ಗಟ್ಟು, ಮಾರಾಟವಾಗದೆ ಉಳಿದ ಸರಕು ಇಷ್ಟೇ ಕಾರಣವಾದರೆ ಅದು ಕೈಮೀರಿದ ಕಾರಣವಲ್ಲ ಎಂದು ಅದೇ ಕಾನೂನು ಬಿಡಿಸಿ ಹೇಳುತ್ತದೆ. "ಆರ್ಡರ್ ಹೋಯಿತು, ನಷ್ಟವಾಯಿತು" ಎಂದ ಮಾತ್ರಕ್ಕೆ ಮೂರು ತಿಂಗಳಿಗೆ ಒಪ್ಪಬೇಕಿಲ್ಲ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿಯೆಂದು ಇನ್ನೂ 15 ದಿನದ ವೇತನವಿದೆ. ಇದು ಫ್ಯಾಕ್ಟರಿ ನಡೆಯುತ್ತಿರುವಾಗಲೇ ಕೆಲಸದಿಂದ ತೆಗೆದವರಿಗೆ, ಅಂದರೆ ರಿಟ್ರೆಂಚ್‌ಮೆಂಟ್ ಆದವರಿಗೆ ಮಾತ್ರ. ಹಾಗಾಗಿ ಪತ್ರದಲ್ಲಿ ಯಾವ ಪದ ಬಳಸಿದ್ದಾರೆಂದು ನೋಡಿ.

ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು ಬೇರೆ, ಪರಿಹಾರ ಬೇರೆ. ಎರಡನ್ನೂ ಸೇರಿಸಿ "ಫುಲ್ ಸೆಟ್ಲ್‌ಮೆಂಟ್" ಎಂದು ಒಂದೇ ಮೊತ್ತ ಬರೆದಿದ್ದರೆ ಬಿಡಿಸಿ ಬರೆಸಿಕೊಳ್ಳಿ. ಐದು ವರ್ಷ ದುಡಿದವರಿಗೆ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. 13,000 ರೂಪಾಯಿ ವೇತನ, 8 ವರ್ಷದ ಸೇವೆ ಎಂದರೆ 60,000. ಇದನ್ನು 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬಹುದು.

ಸರ್ಕಾರದ ಕಡೆಯಿಂದ ಬರುವ ನೆರವು ಇಎಸ್‌ಐನದು. ಬಹಳ ಮಂದಿಗೆ ಇದು ಆಸ್ಪತ್ರೆ ಕಾರ್ಡೆಂದೇ ಗೊತ್ತು. ಇದರಲ್ಲಿ ಎರಡು ಯೋಜನೆಗಳಿವೆ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಫ್ಯಾಕ್ಟರಿ ಮುಚ್ಚಿದವರಿಗೂ ರಿಟ್ರೆಂಚ್ ಆದವರಿಗೂ ಅನ್ವಯಿಸುತ್ತದೆ: ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಅರ್ಧ, ನಂತರದ 12 ತಿಂಗಳು ಕಾಲು ಭಾಗ, ಜೊತೆಗೆ ಕುಟುಂಬಕ್ಕೆ ಚಿಕಿತ್ಸೆ. ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ 90 ದಿನದ್ದು, ಜೀವನದಲ್ಲಿ ಒಮ್ಮೆ ಮಾತ್ರ. ಇದು 2018ರ ಜುಲೈಯಲ್ಲಿ ಶುರುವಾಗಿ ಅವಧಿ ವಿಸ್ತರಣೆಯ ಮೇಲೆ ನಡೆದುಬಂದಿದೆ; ಶಾಖಾ ಕಚೇರಿಯಲ್ಲಿ ಈಗಿನ ಸ್ಥಿತಿ ವಿಚಾರಿಸಿ. ಒಂದೇ ಅವಧಿಗೆ ಎರಡೂ ಸಿಗುವುದಿಲ್ಲ. ಮುಚ್ಚುವಿಕೆಯ ಪತ್ರ ಕೈಯಲ್ಲಿದ್ದರೆ ಮೊದಲನೆಯದನ್ನೇ ಕೇಳಿ.

ಅಟಲ್ ಯೋಜನೆಯ ಲೆಕ್ಕ ಹೀಗೆ: ಹಿಂದಿನ ನಾಲ್ಕು ವಂತಿಗೆ ಅವಧಿಗಳ, ಅಂದರೆ ಎರಡು ವರ್ಷದ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ ಅರ್ಧ ಮಾಡುತ್ತಾರೆ. ತಿಂಗಳಿಗೆ 13,000 ಪಡೆದವರಿಗೆ ದಿನಕ್ಕೆ ಸುಮಾರು 213 ರೂಪಾಯಿ, 90 ದಿನಕ್ಕೆ 19,000ಕ್ಕೆ ಸ್ವಲ್ಪ ಮೇಲೆ. ಕೊನೆಯ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 30 ದಿನವಾದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು, ಮಾಲೀಕರ ಸಹಿಗೆ ಕಾಯಬೇಕಿಲ್ಲ.

ಅರ್ಜಿ ಸಿಕ್ಕಿಬೀಳುವುದು ಎರಡು ಕಡೆ. ಒಂದು, ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ, ಇಎಸ್‌ಐ ದಾಖಲೆಯಲ್ಲಿ ಹೆಸರು ಬೇರೆಬೇರೆ ಇರುವುದು. ಮದುವೆಗೆ ಮುಂಚಿನ ಹೆಸರಲ್ಲಿ ಸೇರಿದ ಹೆಣ್ಣುಮಕ್ಕಳಿಗೆ ಹೀಗಾಗುತ್ತದೆ. ಇನ್ನೊಂದು, ಕಂಪನಿ ಕೊನೆಯ ತಿಂಗಳ ವಂತಿಗೆ ಸಲ್ಲಿಸುವಾಗ "ರಿಟ್ರೆಂಚ್‌ಮೆಂಟ್" ಬದಲು "ಲೆಫ್ಟ್ ಸರ್ವೀಸ್" ಎಂಬ ಕಾರಣ ಆರಿಸಿರುವುದು. ಹಾಗಾಗಿದ್ದರೆ ನೋಟಿಸ್ ಫೋಟೊ ಜೊತೆಗಿಟ್ಟು ಶಾಖಾ ವ್ಯವಸ್ಥಾಪಕರಿಗೆ ಬರೆದು ಕೊಡಿ.

ಪಿಎಫ್‌ನಲ್ಲಿ ಕಂಪನಿ ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಮಾಲೀಕರ ಪಾಲನ್ನು 58 ವರ್ಷದವರೆಗೆ ತಡೆಹಿಡಿಯುವ ನಿಯಮವನ್ನು ಕೇಂದ್ರ ಕೈಬಿಟ್ಟದ್ದು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದ ಮೇಲೆ. ಆ ದುಡ್ಡು ನಿಮ್ಮದೇ. ಆದರೂ ಬೇರೆ ಫ್ಯಾಕ್ಟರಿ ಸೇರುವುದು ಖಚಿತವಿದ್ದರೆ ಹಳೆಯ ಯುಎಎನ್‌ಗೇ (ಪಿಎಫ್‌ನ ಖಾಯಂ ಸದಸ್ಯ ಸಂಖ್ಯೆಗೇ) ಸೇರಿಸಿ; ಪಿಂಚಣಿಗೆ 10 ವರ್ಷದ ಸೇವೆ ಬೇಕು.

ಗರ್ಭಿಣಿಯರು ಇದನ್ನು ಮರೆಯಬಾರದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಇಎಸ್‌ಐ ವಂತಿಗೆಯ ಸವಲತ್ತು ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನ ತುಂಬಿದ್ದರೆ, ಹೆರಿಗೆ ಹೊತ್ತಿಗೆ ಫ್ಯಾಕ್ಟರಿಯೇ ಇಲ್ಲದಿದ್ದರೂ 26 ವಾರದ ಹೆರಿಗೆ ಭತ್ಯೆ ಕೇಳಬಹುದು.